ರೈಟ್

ಸಾಗರ ರಸ್ತೆಯ ಆಸ್ಪತ್ರೆ. ಗುತ್ಯಪ್ಪನ ಮೂಗಿಗೆ ಕ್ಲಿಪ್ಪು,
ಬಾಯಿಗೆ ಕೊಳವೆ.
‘ಊದಿ, ಊದಿ, ಇನ್ನೂ, ಬಿಡಬೇಡಿ’
ಹುಡುಗಿ ತಾನೇ ದಮ್ಮು ಕಟ್ಟಿ ಕೂಗುತ್ತಾಳೆ.
ಹದಿನೆಂಟು ವರ್ಷ ಸೀಟಿ ಊದಿದ ಬಾಯಿ
ಆರು ಸೆಕೆಂಡಿಗೆ ಸೋತು ಕೆಮ್ಮಿತು.
ಪರದೆಯ ಗೆರೆ ಹುಲಿಕಲ್ ಘಾಟಿಯಲ್ಲಿ
ಎಂಜಿನ್ ಆಫಾದ ಗಾಡಿ.

ಹೊಟ್ಟೆ ಕಿರಿದು ಮಾಡುವ ಮುಂಚೆ ಉಸಿರಿನ ಲೆಕ್ಕ ಬೇಕಂತೆ.
ತೂಕ ನೂರ ಮೂವತ್ತೆಂಟು. ಬೀಡಿ ಬಿಟ್ಟು ಎಷ್ಟು ವಾರ?
ಕತ್ತಿಗೆ ಟೇಪು ಸುತ್ತಿದರೆ
ಅಂಗಿ ಹೊಲಿಸಲು ಬಂದವನಂತೆ ಗಲ್ಲ ಎತ್ತಿ ನಿಂತ.

‘ನಿದ್ದೆಯಲ್ಲಿ ಉಸಿರು ನಿಲ್ಲುತ್ತದಾ? ಮನೆಯವರು ಯಾರು?’
ಮನೆಯಲ್ಲಿ ಅವನು ಮಲಗುವುದು ವಾರಕ್ಕೆರಡು ರಾತ್ರಿ.
ಉಳಿದವು ನಿಟ್ಟೂರು ಹಾಲ್ಟು, ಬಸ್ಸಿನೊಳಗೇ:
ಹಿಂದಿನ ಉದ್ದ ಸೀಟು ಅವನದು, ಬಾನೆಟ್ಟಿನ ಪಕ್ಕ ನನ್ನದು.
ನಾನು ಡ್ರೈವರ್, ಸಾರ್, ಎಂದೆ.

ಗೊರಕೆ ನಡುವೆ ತಟಕ್ಕನೆ ನಿಲ್ಲುತ್ತದೆ.
ಒಂದು ಸೀಟಿಗೆ ನಿಲ್ಲಿಸಬೇಕು, ಎರಡಕ್ಕೆ ಹೊರಡಬೇಕು;
ಆ ಎರಡನೆಯದಕ್ಕೆ ಕಾಯುತ್ತ
ಕತ್ತಲಲ್ಲಿ ಎಣಿಸುತ್ತೇನೆ, ಇಪ್ಪತ್ತು, ಇಪ್ಪತ್ತೈದು,
ಚಾದರದೊಳಗೆ ಇಲ್ಲದ ಬ್ರೇಕು ತುಳಿದು.
ಇದನ್ನೆಲ್ಲ ಹೇಳಲಿಲ್ಲ.
ಹೌದು ಎಂದೆ.

ಡಾಕ್ಟರು ಕಾಗದದ ಮೇಲೆ ರೈಟ್ ಹಾಕಿದರು.
ನಮ್ಮಲ್ಲಿ ರೈಟ್ ಅಂದರೆ ಗಾಡಿ ಬಿಡಬೇಕು.
ಇಲ್ಲಿ ಐದು ರೈಟ್ ಬಿದ್ದರೆ ತಡೆಯಬೇಕು:
ಒಂದು ರಾತ್ರಿ ನಿದ್ದೆಯ ಪರೀಕ್ಷೆ, ಮೂಗಿಗೆ ಮೆಷಿನ್ನು,
ಆರು ವಾರ ಬಿಟ್ಟು ಬನ್ನಿ.

ಗುತ್ಯಪ್ಪನಿಗೆ ಸಿಟ್ಟು. ‘ನೀನು ಇಲ್ಲ ಅನ್ನಬಹುದಿತ್ತಲ್ಲ’
ಮಾತು ಮುಗಿಸುವಷ್ಟರಲ್ಲಿ ಮೆಟ್ಟಿಲ ತಿರುವಿನಲ್ಲಿ ಗೋಡೆ ಹಿಡಿದ.
ಒಂದು ಮೆಟ್ಟಿಲು ಕೆಳಗೆ ನಿಂತು ನಾನು
ಹೊರಡು ಅನ್ನಲಿಲ್ಲ.
ಅವನ ಚೀಲದಲ್ಲಿ ಟಿಕೆಟ್ ಮೆಷಿನ್ನಿನ ಜಾಗಕ್ಕೆ
ಮೂರು ಗುಂಡಿನ ಪ್ಲಾಸ್ಟಿಕ್ ಡಬ್ಬಿ.
ಎಳೆದರೆ ಒಂದು ಗುಂಡು ಏಳುತ್ತದೆ,
ಎರಡನೆಯದು ಅಲ್ಲಾಡುತ್ತದೆ.