ಜುಲೈ ತಿಂಗಳ ಹಿಮ

ಬ್ರಾಡ್‌ವೇ ಬದಿಯ ಕಟ್ಟಡ, ಆರನೇ ಮಹಡಿ.
ತಿರುಗಿದರೆ ಹಾಳೆ ಹಾರುತ್ತದೆಂದು
ಫ್ಯಾನು ನಿಲ್ಲಿಸಿ ಕೂತಿದ್ದಾಳೆ ಫಾನ್ಯಾ ಝಸ್ಲಾವ್‌ಸ್ಕಿ.
ಮೊಣಕೈಗೆ ಅಂಟಿದ ಸ್ವರಲಿಪಿ, ಮಸಿಯಲ್ಲಿ ಬೆವರು.
ಹೊರಗೆ ಟಾರು ಕರಗಿ ಚಪ್ಪಲಿ ಹಿಡಿಯುವ ಬಿಸಿಲು.

ನಾಳೆಯೊಳಗೆ ಹನ್ನೆರಡು ಪ್ರತಿ ಆಗಬೇಕು:
ಹಿಮದ ಹಾಡು.

ಹಿಮವಿದೆ. ಜಾರುಬಂಡಿಯಿದೆ, ಗಂಟೆಯ ಕಿಣಿಕಿಣಿ,
ಕಿಟಕಿಯಲ್ಲಿ ದೀಪ, ಒಲೆಯ ಪಕ್ಕ ಅಜ್ಜಿ.
ಗೋದಲಿ ಇಲ್ಲ. ಕೂಸಿಲ್ಲ.
ಮೂಡಣದ ನಕ್ಷತ್ರ, ಅದೂ ಇಲ್ಲ.

"ಹುಟ್ಟಿದವನೆಲ್ಲಿ?" ಕೇಳಿದಳು, ತಲೆ ಎತ್ತದೆ.
ಹಾಡು ಬರೆದ ಹರ್ಷೆಲ್ ಪಿಂಚುಕ್, ಈಗ ಹ್ಯಾರಿ ಪಿಂಚ್,
ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿ ನಕ್ಕ:
"ಅವನು ಭಾನುವಾರಕ್ಕೆ.
ಉಳಿದ ಆರು ದಿನ ರೇಡಿಯೋಕ್ಕೆ ಯಾರಾದರೂ ಬೇಕಲ್ಲ.
ಹಿಮಕ್ಕೆ ಜಾತಿಯಿಲ್ಲ ಮಹರಾಯ್ತಿ,
ಯಾರ ಸೂರಿನ ಮೇಲೂ ಬೀಳುತ್ತೆ."

ಅವಳಿಗೆ ಗೊತ್ತು, ಬಿದ್ದದ್ದು.
ಗೋಮೆಲ್ ಪಕ್ಕದ ಹಳ್ಳಿ, ಅದೇ ರಾತ್ರಿ.
ಅಪ್ಪ ಸಂಜೆಗೇ ಅಗುಳಿ ಹಾಕುತ್ತಿದ್ದ.
ವರ್ಷಕ್ಕೊಂದೇ ರಾತ್ರಿ ಗ್ರಂಥ ಮುಚ್ಚಿಟ್ಟು
ಇಸ್ಪೀಟು ಹಂಚುತ್ತಿದ್ದ, ಮಕ್ಕಳಿಗೂ.
ಇಗರ್ಜಿಯಿಂದ ಹಾಡು ಬರುತ್ತಿತ್ತು, ಚೆಂದದ ಹಾಡೇ,
ಅದರ ಬೆನ್ನಿಗೇ ಕುಡಿದ ಬೂಟುಗಳು
ಹಿಮದ ಮೇಲೆ ಕರಕ್, ಕರಕ್.
ಅವು ದಾಟಿಹೋಗುವವರೆಗೆ
ಕೈಯಲ್ಲಿ ಇಸ್ಪೀಟಿನ ರಾಣಿ, ಎದೆಯಲ್ಲಿ ಉಸಿರಿಲ್ಲ.

ಹದಿನೇಳನೇ ಗೆರೆಗೆ ಬಂದಾಗ
ಮೂಲದಲ್ಲಿಲ್ಲದ ಒಂದು ಮೌನದ ಚಿಹ್ನೆ
ಲೇಖನಿಯಿಂದ ಬಿತ್ತು, ಪುಟ್ಟ ಕರಿಟೋಪಿಯಂತೆ.
ಅಳಿಸಲಿಲ್ಲ.
ಹನ್ನೆರಡೂ ಪ್ರತಿಯಲ್ಲಿ ಬರೆದಳು.

ನವೆಂಬರಿಗೆಲ್ಲ ಊರು ತುಂಬ ಅದೇ ಹಾಡು:
ಔಷಧಿ ಅಂಗಡಿ, ಲಿಫ್ಟು, ಕ್ಷೌರದ ಕುರ್ಚಿ.
ಪೆಸಿಫಿಕ್ಕಿನ ಯಾವುದೋ ದ್ವೀಪದಲ್ಲಿ
ಬರಿಮೈಯ ಸಿಪಾಯಿ ಹುಡುಗರು ಅತ್ತರಂತೆ,
ಹಿಮವನ್ನೇ ಕಾಣದ ಟೆಕ್ಸಾಸಿನವರೂ.
ಆ ಒಂದು ಕಡೆ ಉಸಿರು ಹಿಡಿಯುತ್ತಾನಲ್ಲ,
ಅಲ್ಲೇ ಕರುಳು ಚುರುಕ್ಕೆನ್ನುತ್ತೆ, ಎಂದರು ಜನ.
ಹ್ಯಾರಿ ಹೊಸ ಓವರ್‌ಕೋಟು ಕೊಂಡ.
ಅವಳಿಗೆ ಪುಟಕ್ಕೆ ನಲವತ್ತು ಸೆಂಟು, ಮೊದಲಿನಂತೆ.

ಮೇಲ್ಮನೆಯ ಮಿಸೆಸ್ ಡೆವಾನಿ ಮಾತ್ರ
ಮೆಟ್ಟಿಲಲ್ಲಿ ತಡೆದು ಗೊಣಗಿದಳು:
"ಎಲ್ಲ ಇದೆ ಹಾಡಲ್ಲಿ, ಮಗುವೊಂದು ಬಿಟ್ಟು.
ಬಾಣಂತಿ ಕೋಣೆ ಗುಡಿಸಿ
ಯಾರೋ ಬಾಡಿಗೆಗೆ ಕೊಟ್ಟ ಹಾಗೆ."
ಫಾನ್ಯಾ ಏನೂ ಹೇಳಲಿಲ್ಲ.
ಮುದುಕಿಯ ಇದ್ದಲಿನ ಬುಟ್ಟಿ
ಅವಳ ಬಾಗಿಲವರೆಗೆ ಹೊತ್ತು ಕೊಟ್ಟಳು.

ಆ ರಾತ್ರಿ ನಿಜವಾದ ಹಿಮ ಬಿತ್ತು.
ರೇಡಿಯೋ ಜೋರಾಗಿಯೇ ಇಟ್ಟು
ಒಬ್ಬಳೇ ಇಸ್ಪೀಟು ಹರಡಿ ಕೂತಳು.
ಹದಿನೇಳನೇ ಗೆರೆ.
ಕೆಳಗೆ ಬೀದಿಯಲ್ಲಿ ಯಾರದೋ ಬೂಟು.
ಎಲೆ ಎತ್ತಿದ ಕೈ ಹಾಗೇ ನಿಂತಿತು,
ಹಾಡು ಮತ್ತೆ ಶುರುವಾಗುವವರೆಗೆ.