ಮಣೆ

ಜಾಲಹಳ್ಳಿಯ ಕಾರ್ಖಾನೆಯಲ್ಲಿ ಹುಟ್ಟಿ
ಮೈಸೂರು ರಸ್ತೆಯ ನಮ್ಮ ಕಾಲೇಜಿಗೆ ಲಾರಿಯಲ್ಲಿ ಬಂತು ಈ ಲೇತು,
ನಾನು ವರ್ಕ್‌ಶಾಪಿಗೆ ಸೇರಿದ ವರ್ಷವೇ.
ಮೂರು ಸಲ ಹಸಿರು ಬಣ್ಣ ಬಳಿಸಿದ್ದೇನೆ.
ಎತ್ತರ ಎಷ್ಟೆಂದು ಮಾತ್ರ ಯಾರೂ ಕೇಳಿರಲಿಲ್ಲ, ನಾನೂ.
ಯಾರದೋ ಮೊಣಕೈ ಅಳೆದು ಬರೆದಿದ್ದರು ನಕ್ಷೆಯಲ್ಲಿ.
ಐದಡಿ ಎಂಟಂಗುಲದ ಯಾವನೋ,
ಚಿಕ್ಕಂದಿನಿಂದ ಹೊಟ್ಟೆತುಂಬ ಉಂಡವನು,
ಅವನ ಮೊಣಕೈಯೇ ನಮ್ಮ ಸಿಲಬಸ್ಸು.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ.
ಗೋರಿಪಾಳ್ಯದಿಂದ ಒಬ್ಬಳು ಬರುತ್ತಿದ್ದಳು, ಮೆಹಜಬೀನ್,
ಅರವತ್ತು ಹುಡುಗರ ನಡುವೆ ಒಬ್ಬಳೇ.
ಅಪ್ಪ ಗುಜರಿ ಗೇರ್‌ಬಾಕ್ಸು ಬಿಚ್ಚುವುದನ್ನು ನೋಡುತ್ತಲೇ ಬೆಳೆದವಳು.
"ದುಪಟ್ಟಾ ಚಕ್‌ಗೆ ಸಿಕ್ಕೀತಮ್ಮ, ನೀನು ರೀಡಿಂಗ್ ಬರಕೋ,
ಮೆಷಿನ್ನು ಹುಡುಗರು ಓಡಿಸ್ತಾರೆ" ಎಂದೆ.
ಕಾಳಜಿಯಿಂದಲೇ ಎಂದೆ, ಅದೇ ಕೆಟ್ಟದ್ದು.
ಒಂದು ಏಪ್ರನ್ ಕೊಟ್ಟಿದ್ದರೆ ಸಾಕಿತ್ತು.
ಅವಳು ಬರೆದಳು. ಮುತ್ತಿನಂಥ ಅಕ್ಷರ.
ವರ್ಷವಿಡೀ ನಾಲ್ಕು ಜನರ ರೀಡಿಂಗ್ ಬರೆದು
ಮೂರನೇ ಸೆಮಿಸ್ಟರಿಗೆ ಬ್ರಾಂಚ್ ಬದಲಿಸಿಕೊಂಡು ಹೋದಳು,
ಕೈಗೆ ಒಂದು ಹನಿ ಎಣ್ಣೆ ಮೆತ್ತದೆ.

ಹುಲಿಗೆಮ್ಮ ಬಂದದ್ದು ಅದಾಗಿ ಹದಿನಾರು ವರ್ಷಕ್ಕೆ.
ಮಸ್ಕಿ ಕಡೆಯವಳು, ನಾಯಂಡಹಳ್ಳಿಯ ಹಾಸ್ಟೆಲ್ಲು.
ಟೂಲ್‌ಪೋಸ್ಟು ಎಟುಕಲೆಂದು ತುದಿಗಾಲಲ್ಲಿ ನಿಂತಳು
ಒಂದೂವರೆ ಗಂಟೆ. ಮೀನಖಂಡ ನಡುಗುತ್ತಿತ್ತು.
"ಕೋಟಾದ ಎತ್ತರ" ಎಂದ ಹಿಂದಿನ ಸಾಲಿನವನೊಬ್ಬ, ಮೆಲ್ಲಗೆ,
ಎಲ್ಲರಿಗೂ ಕೇಳಿಸುವಷ್ಟು ಮೆಲ್ಲಗೆ.

ಅಂದು ಸಂಜೆ ಕಂಪ್ರೆಸರ್ ಬಂದಿದ್ದ ಪೆಟ್ಟಿಗೆಯ ಹಲಗೆ ಕಿತ್ತು
ನಾಲ್ಕಂಗುಲದ ಮಣೆಯೊಂದನ್ನು ಬಡಿದೆ.
ಕಾಲು ಜಾರದಿರಲೆಂದು ಮೇಲೊಂದು ಹಳೇ ಬೆಲ್ಟಿನ ತುಂಡು.
ಬೆಳಿಗ್ಗೆ ಅದರ ಮುಂದೆ ನಿಂತು
ಅವಳು ಶೂ ಬಿಚ್ಚಲು ಬಗ್ಗಿದಳು.
"ಬೇಡಮ್ಮ, ಸೇಫ್ಟಿ" ಎಂದೆ.
"ನಮ್ಮ ಆಯಿಗೆ ಊರಾಗ ಯಾರೂ ಮಣಿ ಹಾಕಿದ್ದಿಲ್ರಿ ಸರ.
ಇದರ ಮ್ಯಾಲ ಹಂಗೇ ಕಾಲಿಡ್ಲೇನ್ರಿ?"

ಉತ್ತರ ಹೊಳೆಯಲಿಲ್ಲ. ಸ್ವಿಚ್ಚು ಹಾಕಿದೆ.
ಉಕ್ಕಿನಿಂದ ನೀಲಿ ಸುರುಳಿ ಬಿಚ್ಚಿಕೊಂಡು ಬಂತು.
ಅವಳ ಅಳತೆ ಎರಡು ಥೌ ಒಳಗೆ ನಿಂತಿತು,
ಹಿಂದಿನ ಸಾಲಿನವನದು ಏಳು.
ಈ ಲೆಕ್ಕ ಹೇಳಬಾರದಿತ್ತು ನಾನು.
ಅವಳದು ಇಪ್ಪತ್ತು ಬಂದಿದ್ದರೂ
ಮಣೆ ಅವಳದೇ.

"ಒಬ್ಬೊಬ್ಬರಿಗೂ ಹೀಗೆ ಮಣೆ ಹಾಕ್ತಾ ಹೋದ್ರೆ
ಸ್ಟ್ಯಾಂಡರ್ಡ್ ಏನಾಗಬೇಕ್ರೀ?" ಎಂದರು ವಿಭಾಗದ ಮುಖ್ಯಸ್ಥರು.
ನಿಮ್ಮ ಕುರ್ಚಿಯ ಕೆಳಗೊಂದು ಲಿವರ್ ಇದೆಯಲ್ಲ ಸಾರ್,
ಏರಿಸೋಕೆ ಇಳಿಸೋಕೆ, ಎನ್ನಬೇಕೆಂದಿದ್ದೆ.
ಡಿಪ್ಲೊಮಾದವನು ನಾನು. ಎನ್ನಲಿಲ್ಲ.

ಆಮೇಲೆ ಎಷ್ಟೋ ಜನ ಅದರ ಮೇಲೆ ನಿಂತರು,
ಕುಳ್ಳ ಹುಡುಗರು ಸಹ, ಯಾರೂ ಇಲ್ಲದಾಗ.
ಕಾಲಿಗೆ ಕ್ಯಾಲಿಪರ್ ಹಾಕಿದ್ದ ಗುರುಬಸವನಿಗೆ ಮಾತ್ರ ಅದು ಆಗಲಿಲ್ಲ,
ಅವನಿಗೆ ಬೇಕಿದ್ದದ್ದು ಸ್ಟೂಲು.
ಮತ್ತೆ ಟೇಪು ಹಿಡಿದೆ.

ಹೋದ ತಿಂಗಳು ತಪಾಸಣಾ ಸಮಿತಿ ಬಂತು.
ಮಣೆಯನ್ನು ಸೋಪು ಹಾಕಿ ತೊಳೆಸಿದರು,
ಪಕ್ಕದಲ್ಲೊಂದು ಬೋರ್ಡು: "ಒಳಗೊಳ್ಳುವಿಕೆಯ ಉಪಕ್ರಮ".
ಮುಖ್ಯಸ್ಥರು ಅದರ ಹಿಂದೆ ಕೈಕಟ್ಟಿ ನಿಂತ ಫೋಟೋ
ಫೈಲಿನ ಮೊದಲ ಪುಟದಲ್ಲಿದೆ.
ಸಮಿತಿಯಲ್ಲಿದ್ದ ಮೇಡಂ ನನ್ನ ಬಳಿ ಬಂದು
ರೆಸ್ಟ್‌ರೂಮ್ ಎಲ್ಲಿ ಎಂದು ಕೇಳಿದರು.
"ಈ ಬ್ಲಾಕಲ್ಲಿ ಹೆಂಗಸರಿಗಿಲ್ಲ ಮೇಡಂ. ಸಿವಿಲ್ ಬ್ಲಾಕು.
ಏಳು ನಿಮಿಷದ ದಾರಿ."
ಆ ಏಳು ನಿಮಿಷವನ್ನು ಯಾರೂ ಫೋಟೋ ತೆಗೆಯಲಿಲ್ಲ.

ನಕ್ಷೆಯಲ್ಲಿ ಇತ್ತು ಒಂದು, ಮೆಟ್ಟಿಲ ಕೆಳಗೆ.
ಹುಡುಗಿಯರೇ ಇಲ್ಲವಲ್ಲ ಎಂದು ಸ್ಟೋರ್ ಮಾಡಿದ್ದರು.
ಬೀಗ ಇಷ್ಟು ವರ್ಷವೂ ನನ್ನ ಗೊಂಚಲಲ್ಲೇ ಇತ್ತು.
ನಿವೃತ್ತಿಗೆ ಇನ್ನು ಹನ್ನೊಂದು ವಾರ.
ಸಂಜೆ ಐದರ ಮೇಲೆ ಸುಟ್ಟ ಮೋಟರುಗಳನ್ನು
ಒಂದೊಂದಾಗಿ ಹೊರಗೆ ಎಳೆಯುತ್ತಿದ್ದೇನೆ.
ನಿನ್ನೆ ಗೋಡೆ ಕಂಡಿತು, ಗೋಡೆಯಲ್ಲೊಂದು ನಲ್ಲಿ.
ತಿರುಗಿಸಿದೆ. ಕೆಮ್ಮಿತು,
ಅಂಗೈಯಷ್ಟು ತುಕ್ಕು ಉಗುಳಿ ಸುಮ್ಮನಾಯಿತು.
ಇಲ್ಲಿ ಕಾವೇರಿ ಬರುವುದು ದಿನ ಬಿಟ್ಟು ದಿನ.
ನಾಳೆ ಮತ್ತೆ ನೋಡುತ್ತೇನೆ.