ಗೀಟು ಹೊಡೆದ ಪ್ರತಿ

ಬೆಟಗೇರಿಯ ಅಡವೆಪ್ಪ ಸೊರಟೂರರ ಬಾಡಿಗೆ ಲೈಬ್ರರಿಯಿಂದ
ನನ್ನ ಕಾದಂಬರಿ ನನಗೇ ತಿರುಗಿ ಬಂತು, ಹದಿನೇಳು ಕೈ ದಾಟಿ.
"ನೋಡ್ರಿ ಸರ, ಇದನ್ನ ಇನ್ನ ಬಾಡಿಗಿಗೆ ಕೊಡಾಕ ಬರೂದಿಲ್ಲ"
ಅಂದವರೇ ಟೇಬಲ್ಲಿನ ಮೇಲೆ ಒಗೆದರು.

ಪುಟ ತೆಗೆದರೆ
ನಾನಿಟ್ಟ 'ಶಾರವ್ವ'ನ ಮೇಲೆಲ್ಲ ಗೀಟು.
ಪೆನ್ಸಿಲ್ಲು, ಕೆಂಪು ಬಾಲ್‌ಪೆನ್ನು, ಒಂದು ಕಡೆ
ಕಾಡಿಗೆಯೇ ಇರಬೇಕು, ಬೆರಳಿಗೆ ಹತ್ತಿತು:
'ಮೃದುಲಾ', 'ಮೃದುಲಾ', 'ನಮ್ಮ ಮೃದುಲಾ'.

ಆ ಧಾರಾವಾಹಿ ನಡೆದಾಗ
ಹನ್ನೆರಡು ರೂಪಾಯಿಯ ಪುಸ್ತಿಕೆ ಬರೆಯುತ್ತಿದ್ದವನು ನಾನು.
ಟೀವಿ ತೋರಿಸದ್ದು, ಎರಡು ಎಪಿಸೋಡಿನ ನಡುವೆ ಆದದ್ದು.
ಹೊದಿಕೆಯ ತುಂಬ ಅವಳ ಫೋಟೊ,
ನನ್ನ ಹೆಸರು ಒಳಗೆಲ್ಲೋ, ಇರುವೆಯಷ್ಟು.
ಮುನ್ನೂರಾ ಹನ್ನೊಂದಕ್ಕೆ ಸೀರಿಯಲ್ಲು ನಿಂತಿತು;
ಅವಳು ಬಾಗಿಲ ಚಿಲಕಕ್ಕೆ ಕೈ ಹಾಕಿದ್ದಳು.
ಹಾಗೇ ನಿಂತಳು ಆರು ವರ್ಷ.

ಹೆಸರು ನಮ್ಮದು ಅಂದಿತು ಚಾನೆಲ್ಲು.
ಇಟ್ಟುಕೊಳ್ಳಿ ಅಂದೆ. ಹೆಸರು ಕಿತ್ತೆ, ಬಂಗಲೆ ಕಿತ್ತೆ,
ಗಂಟೆಗೊಮ್ಮೆ ಮೆಟ್ಟಿಲಿಳಿಯುವ ಅತ್ತೆಯನ್ನು ಕಿತ್ತೆ,
ಉಳಿದವಳನ್ನು ತಂದು ನಮ್ಮ ಓಣಿಯ ಮಗ್ಗದ ಮನೆಯಲ್ಲಿ ಇಳಿಸಿದೆ.
ಚಿಲಕ ತೆಗೆಸಿದೆ. ಹೊರಟುಹೋದಳು. ಪುಟ ಇನ್ನೂರಾ ನಾಲ್ಕು.

ಆ ಪುಟ ಹರಿದಿತ್ತು.
ಹರಿದದ್ದಕ್ಕೆ ಯಾರೋ ಟೇಪು ಹಚ್ಚಿದ್ದರು.
ಟೇಪಿನ ಮೇಲೆ ಇನ್ಯಾರೋ:
"ಹೋಗ್ಲಿ ಬಿಡವಾ, ಎಷ್ಟ ದಿನ ನಿಂದ್ರಬೇಕ ಅಕಿ?"

ನರ್ಸು ರೋಹಿಣಿ ಹೊಂಬಳ ರಸ್ತೆಯಲ್ಲೇ ತಡೆದಳು:
"ಡಾಕ್ಟರ್ ಮೈದುನನ್ನ ಯಾಕ ಸಾಯಿಸಿದ್ರಿ?
ನೈಟ್ ಡ್ಯೂಟಿಯೊಳಗ ಓದಿ ಅತ್ನಿ.
ಪೇಷಂಟ್ ಎದ್ದು ಬಂದು ನನಗ ನೀರು ಕೊಟ್ರು."
ಖೈರುನ್ನಿಸಾ ಕಾಗದಗಾರ ಎರಡು ಪ್ರತಿ ಕೊಂಡಿದ್ದಾಳೆ,
ಒಂದು ಓದಲು, ಇನ್ನೊಂದು ಬೈಯಲು.
ರಿಟೈರಾದ ಸಾಲಿ ಮಾಸ್ತರರೊಬ್ಬರು ಬೆನ್ನು ತಟ್ಟಿದರು:
"ಸ್ವತಂತ್ರ ಕೃತಿ! ಟೀವಿಯ ವಾಸನೀನೇ ಇಲ್ಲ."
ಯಾಕೋ ಅದೊಂದೇ ಚುಚ್ಚಿತು.

ನಿನ್ನೆ ಅಂಬುಬಾಯಿ ಮೇರವಾಡೆ ಬಂದಳು,
ಗಂಜಿ ವಾಸನೆಯ ಕೈ, ಕನ್ನಡಕದ ಕಾಲಿಗೆ ನೂಲು ಸುತ್ತಿದೆ.
"ಹೆಸರ ಬದಲಿ ಮಾಡ್ರಿ, ಊರ ಬದಲಿ ಮಾಡ್ರಿ.
ನೀರು ಕೊಡೂ ಮೊದಲ ತಂಬಿಗಿ ಅಂಚು
ಸೆರಗಿಲೆ ಒರಸ್ತಾಳ ನೋಡ್ರಿ, ಅಲ್ಲೆ ಸಿಕ್ಕಳು.
ಅಕೀನ ಇಕಿ ಅಂದ್ನಿ. ಟೀವಿಯೊಳಗೂ ಹಂಗ ಮಾಡತಿದ್ಲು."

ಅದು ಟೀವಿಯದಲ್ಲವ್ವ, ನಮ್ಮ ಸೋದರತ್ತೆಯದು
ಎನ್ನಲು ಬಾಯಿ ತೆರೆದೆ. ಮೂರನೇ ಪುಸ್ತಿಕೆಯಲ್ಲಿ ನಾನೇ ಬರೆದದ್ದು.
ಅಥವಾ ಆ ನಟಿ ಒರೆಸಿದ್ದು ನೋಡಿ ಅತ್ತೆ ನೆನಪಾದಳೋ?
ನಟಿ ನನ್ನ ಪುಸ್ತಿಕೆ ಓದಿದ್ದಳೋ?
ಅತ್ತೆಯನ್ನು ಕೇಳೋಣವೆಂದರೆ
ಅವಳ ಮನೆಯಲ್ಲಿ ಟೀವಿಯೇ ಇರಲಿಲ್ಲ, ಈಗ ಅವಳೂ ಇಲ್ಲ.

ಒಳಗಿಂದ ತಂಬಿಗೆ ತಂದೆ.
ಕೊಡುವ ಮೊದಲು ಅಂಗಿಯ ತುದಿಯಿಂದ ಅಂಚು ಒರೆಸಿದೆನಂತೆ.
ನಾ ನೋಡಲಿಲ್ಲ, ಅಂಬುಬಾಯಿ ನಕ್ಕಳು.

ಇವತ್ತು ಅಡವೆಪ್ಪರ ಫೋನು.
"ಸರ, ಆ ಬುಕ್ಕ ತಿರುಗಿ ಕೊಡ್ರಿ, ಪಾಳಿ ಹಚ್ಯಾರ.
ಹೊಸಾದು ಬ್ಯಾಡಂತ.
ಗೀಟು ಹೊಡದದ್ದ ಬೇಕಂತ."